ಕೋಡಿಂಗ್ ಕಿರಿಕಿರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನೇ ಎತ್ತಿಕೊಂಡಿದ್ದೇವೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದೆ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇವೆ.

ಪ್ರಶ್ನೆ: ಸರ್, ಪೈಥಾನ್ ಇನ್‌ಸ್ಟಾಲ್ ಆಗಿದೆ ಅಂತ ಬಂತು. ಆದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪೈಥಾನ್’ ಅಂತ ಹೊಡೆದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ತೆಗೆದು ಮತ್ತೆ ಹಾಕಿದರೂ ಅದೇ ಕಥೆ. ಕೋಡ್ ಬರೆಯುವ ವಿಎಸ್ ಕೋಡ್‌ನಲ್ಲಿ ‘ಪಾಂಡಾಸ್’ ಎಂಬ ಲೈಬ್ರರಿ ಕೂಡ ಸಿಗುತ್ತಿಲ್ಲ.
— ಬಿಸಿಎ ವಿದ್ಯಾರ್ಥಿನಿ, ಹಾಸನ

ಉತ್ತರ: ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಪೈಥಾನ್ ಇದೆ, ನಿಮ್ಮ ಕರೆಗೆ ಓಗೊಡುತ್ತಿರುವುದು ಬೇರೆ ಯಾವುದೋ. ನಾವು ಒಂದು ಹೆಸರು ಟೈಪ್ ಮಾಡಿದಾಗ ವಿಂಡೋಸ್ ‘ಪಾತ್’ ಎಂಬ ಪಟ್ಟಿಯಲ್ಲಿರುವ ಫೋಲ್ಡರ್‌ಗಳನ್ನು ಮೇಲಿನಿಂದ ಕೆಳಕ್ಕೆ ಹುಡುಕುತ್ತಾ ಹೋಗಿ, ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ. ಯಾವುದು ಸಿಗುತ್ತಿದೆ ಎಂದು ನೋಡಲು ‘ವೇರ್ ಪೈಥಾನ್’ ಎಂದು ಹೊಡೆಯಿರಿ. ವಿಎಸ್ ಕೋಡ್ ಒಳಗಿನ ಟರ್ಮಿನಲ್ (ಕಮಾಂಡ್ ಹೊಡೆಯುವ ಕಿಟಕಿ) ಸಾಮಾನ್ಯವಾಗಿ ಪವರ್‌ಶೆಲ್ ಆಗಿರುತ್ತದೆ. ಅಲ್ಲಿ ಬರೀ ‘ವೇರ್’ ಎಂದರೆ ಬೇರೆಯದೇ ಕೆಲಸ, ‘ವೇರ್.ಇಎಕ್ಸ್‌ಇ ಪೈಥಾನ್’ ಎಂದೇ ಹೊಡೆಯಬೇಕು.

ಬರುವ ಮೊದಲ ಸಾಲಿನಲ್ಲಿ ‘ವಿಂಡೋಸ್‌ಆ್ಯಪ್ಸ್’ ಎಂಬ ಫೋಲ್ಡರ್ ಇದ್ದರೆ ಕಳ್ಳ ಸಿಕ್ಕಿದ. ಅದು ಸೊನ್ನೆ ಬೈಟಿನ ಕೊಂಡಿ, ಸ್ಟೋರಿಗೆ ಕಳಿಸುವುದಷ್ಟೇ ಅದರ ಕೆಲಸ. ಸ್ಟಾರ್ಟ್ ಮೆನುವಿನಲ್ಲಿ ‘ಆ್ಯಪ್ ಎಕ್ಸಿಕ್ಯೂಷನ್ ಅಲಿಯಾಸಸ್’ ಎಂದು ಹುಡುಕಿ ತೆರೆದು, ಪೈಥಾನ್ ಮತ್ತು ಪೈಥಾನ್3 ಹೆಸರಿನ ಎರಡೂ ಸ್ವಿಚ್ ಆಫ್ ಮಾಡಿ.

ಆಮೇಲೆ ‘ನಾಟ್ ರೆಕಗ್ನೈಸ್ಡ್’ ಎಂದು ಬಂದರೆ ಗಾಬರಿ ಬೇಡ, ಕೆಲಸ ಅರ್ಧ ಆಯಿತು. ಇನ್‌ಸ್ಟಾಲರ್‌ನ ಮೊದಲ ಪರದೆಯ ತಳದಲ್ಲಿ ‘ಆ್ಯಡ್ ಪೈಥಾನ್ ಟು ಪಾತ್’ ಎಂಬ ಚೌಕವಿರುತ್ತದೆ. ಅದಕ್ಕೆ ತಾನಾಗಿ ಟಿಕ್ ಬಿದ್ದಿರುವುದಿಲ್ಲ, ಮುಕ್ಕಾಲು ಜನ ಎಡವುವುದು ಅಲ್ಲೇ. ಅದೇ ಇನ್‌ಸ್ಟಾಲರನ್ನು ಮತ್ತೆ ತೆರೆದು ‘ಮಾಡಿಫೈ’, ‘ನೆಕ್ಸ್ಟ್’ ಒತ್ತಿ, ‘ಆ್ಯಡ್ ಪೈಥಾನ್ ಟು ಎನ್ವಿರಾನ್‌ಮೆಂಟ್ ವೇರಿಯಬಲ್ಸ್’ಗೆ ಟಿಕ್ ಹಾಕಿ. ನಂತರ ವಿಎಸ್ ಕೋಡ್ ಪೂರ್ತಿ ಮುಚ್ಚಿ ತೆರೆಯಿರಿ. ಒಳಗಿನ ಟರ್ಮಿನಲ್ ಒಂದನ್ನೇ ಮುಚ್ಚಿದರೆ ಸಾಲದು. ವಿಎಸ್ ಕೋಡ್ ಶುರುವಾದಾಗ ಇದ್ದ ಪಾತ್ ಪಟ್ಟಿಯೇ ಒಳಗಿನ ಟರ್ಮಿನಲ್‌ಗೂ ಸಿಗುತ್ತದೆ.

ಇನ್ನು ಪಾಂಡಾಸ್. ಕಂಪ್ಯೂಟರಿನಲ್ಲಿ ಎರಡು ಪೈಥಾನ್ ಇದ್ದು, ಒಂದಕ್ಕೆ ಪಾಂಡಾಸ್ ಹಾಕಿ ಇನ್ನೊಂದರಲ್ಲಿ ಪ್ರೋಗ್ರಾಂ ಓಡಿಸಿದರೆ ‘ಮಾಡ್ಯೂಲ್ ನಾಟ್ ಫೌಂಡ್’ ಬರುತ್ತದೆ. ‘ಪಿವೈ -0’ ಎಂದರೆ ಎಲ್ಲ ಆವೃತ್ತಿಗಳ ಪಟ್ಟಿ ಬರುತ್ತದೆ. ಲೈಬ್ರರಿ ಇಳಿಸಿ ಹಾಕುವ ‘ಪಿಪ್’ ಅನ್ನು ಒಂಟಿಯಾಗಿ ಕರೆಯುವ ಬದಲು ‘ಪಿವೈ -3.12 -ಎಂ ಪಿಪ್ ಇನ್‌ಸ್ಟಾಲ್ ಪಾಂಡಾಸ್’ ಎಂದು ಆವೃತ್ತಿ ಹೇಳಿ ಕರೆಯಿರಿ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿ ‘ಪೈಥಾನ್: ಸೆಲೆಕ್ಟ್ ಇಂಟರ್‌ಪ್ರಿಟರ್’ನಲ್ಲಿ ಅದೇ ಆವೃತ್ತಿ ಆರಿಸಿ. ಹಾಗೆಯೇ, ನಿಮ್ಮ ಫೈಲಿಗೆ ಪಾಂಡಾಸ್.ಪಿವೈ ಎಂದೇ ಹೆಸರಿಟ್ಟಿಲ್ಲ ತಾನೇ? ಇಟ್ಟಿದ್ದರೆ ಪೈಥಾನ್ ಲೈಬ್ರರಿಯನ್ನು ಬಿಟ್ಟು ನಿಮ್ಮ ಫೈಲನ್ನೇ ತೆರೆಯುತ್ತದೆ.

ಪ್ರಶ್ನೆ: ಕಾಲೇಜಿನ ಲ್ಯಾಬಿನಲ್ಲಿ ಟರ್ಬೊ ಸಿ ಇದೆ. ಮನೆಯಲ್ಲಿ ವಿಎಸ್ ಕೋಡ್ ಹಾಕಿ, ಸಿ ಎಕ್ಸ್‌ಟೆನ್ಷನ್ನೂ ಹಾಕಿದೆ. ರನ್ ಮಾಡಿದರೆ ‘ಜಿಸಿಸಿ ಈಸ್ ನಾಟ್ ರೆಕಗ್ನೈಸ್ಡ್’ ಅನ್ನುತ್ತದೆ.
— ಡಿಪ್ಲೊಮಾ ವಿದ್ಯಾರ್ಥಿ, ಅರಸೀಕೆರೆ

ಉತ್ತರ: ವಿಎಸ್ ಕೋಡ್ ಬರೀ ಬರೆಯುವ ಪುಸ್ತಕ. ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವುದು ಕಂಪೈಲರ್, ಜಿಸಿಸಿ ಅಂಥದ್ದೊಂದು. ವಿಎಸ್ ಕೋಡ್‌ನಲ್ಲಾಗಲಿ ಆ ಎಕ್ಸ್‌ಟೆನ್ಷನ್‌ನಲ್ಲಾಗಲಿ ಕಂಪೈಲರ್ ಇಲ್ಲ. ಜಿಸಿಸಿ ತಂದುಕೊಡುವ ಎಂಎಸ್‌ವೈಎಸ್2 ಎಂಬ ತಂತ್ರಾಂಶ ಇಳಿಸಿಕೊಂಡು, ಅದು ತಾನೇ ಸೂಚಿಸುವ ಸಿ ಡ್ರೈವಿನ ಎಂಎಸ್‌ವೈಎಸ್64 ಫೋಲ್ಡರಿಗೇ ಹಾಕಿ. ಜಾಗ ಬದಲಿಸುವುದಾದರೂ ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ, ಕನ್ನಡ ಅಕ್ಷರ ಇರಕೂಡದು. ಸ್ಟಾರ್ಟ್ ಮೆನುವಿನಲ್ಲಿ ಅದರ ಟರ್ಮಿನಲ್‌ಗಳು ನಾಲ್ಕಾರು ಕಾಣುತ್ತವೆ, ‘ಯುಸಿಆರ್‌ಟಿ64’ ಎಂದಿರುವುದನ್ನೇ ತೆರೆದು ಹೀಗೆ ಹೊಡೆಯಿರಿ:

ಪ್ಯಾಕ್‌ಮ್ಯಾನ್ -ಎಸ್ ಮಿಂಗ್‌ಡಬ್ಲ್ಯೂ-ಡಬ್ಲ್ಯೂ64-ಯುಸಿಆರ್‌ಟಿ-ಎಕ್ಸ್86_64-ಜಿಸಿಸಿ

ಇದರಲ್ಲಿ ಗೆರೆಯ ನಂತರದ ‘ಎಸ್’ ಮಾತ್ರ ದೊಡ್ಡಕ್ಷರ. ಇಳಿದ ಮೇಲೆ ಎಂಎಸ್‌ವೈಎಸ್64 ಒಳಗಿನ ಯುಸಿಆರ್‌ಟಿ64, ಅದರೊಳಗಿನ ‘ಬಿನ್’ ಫೋಲ್ಡರನ್ನು ಪಾತ್‌ಗೆ ಸೇರಿಸಿ. ‘ಯುಎಸ್‌ಆರ್’ ಫೋಲ್ಡರಿನೊಳಗೂ ಒಂದು ಬಿನ್ ಇದೆ, ಅದಲ್ಲ. ಹೊಸ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಜಿಸಿಸಿ --ವರ್ಷನ್’ ಎಂದಾಗ ಆವೃತ್ತಿ ಕಂಡರೆ ಸರಿಹೋಯಿತು.

ಇದಾದ ಮೇಲೆ ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ವಿನ್‌ಮೇನ್’ ಬಂದರೆ, ಹತ್ತಕ್ಕೆ ಒಂಬತ್ತು ಸಲ ಫೈಲ್ ಸೇವ್ ಆಗಿರುವುದಿಲ್ಲ. ಕಂಪೈಲರ್ ಓದುವುದು ಡಿಸ್ಕಿನಲ್ಲಿರುವ ಖಾಲಿ ಫೈಲನ್ನು, ಅದರಲ್ಲಿ ‘ಮೇನ್’ ಎಲ್ಲಿಂದ ಬರಬೇಕು? ಮೇಲಿನ ಟ್ಯಾಬಿನಲ್ಲಿ ಅಡ್ಡಗುರುತಿನ ಬದಲು ದುಂಡು ಚುಕ್ಕೆ ಇದ್ದರೆ ಸೇವ್ ಆಗಿಲ್ಲ ಎಂದರ್ಥ. ಫೈಲ್ ಮೆನುವಿನಲ್ಲಿ ‘ಆಟೊ ಸೇವ್’ ಹಾಕಿಬಿಡಿ. ಕೋಡ್ ರನ್ನರ್ ಎಂಬ ಎಕ್ಸ್‌ಟೆನ್ಷನ್ ಬಳಸುವವರಿಗೆ, ನಾವು ಟೈಪ್ ಮಾಡಿದ್ದನ್ನು ಓದುವ ‘ಸ್ಕ್ಯಾನ್‌ಎಫ್’ ಬಂದ ಕೂಡಲೇ ಪ್ರೋಗ್ರಾಂ ನಿಂತುಬಿಡುತ್ತದೆ, ಏಕೆಂದರೆ ಔಟ್‌ಪುಟ್ ಟ್ಯಾಬಿನಲ್ಲಿ ಏನನ್ನೂ ಟೈಪ್ ಮಾಡಲಾಗದು. ಅದರ ಸೆಟ್ಟಿಂಗ್ಸ್‌ನಲ್ಲಿ ‘ರನ್ ಇನ್ ಟರ್ಮಿನಲ್’ಗೆ ಟಿಕ್ ಹಾಕಿ.

ಲ್ಯಾಬಿನ ಪ್ರೋಗ್ರಾಂ ಮನೆಗೆ ತಂದರೆ ಪರದೆ ಅಳಿಸುವ ‘ಸಿಎಲ್‌ಆರ್‌ಎಸ್‌ಸಿಆರ್’ ಇಲ್ಲಿ ನಡೆಯುವುದಿಲ್ಲ, ಆ ಸಾಲು ಅಳಿಸಿ. ‘ವಾಯ್ಡ್ ಮೇನ್’ ಬದಲು ‘ಇಂಟ್ ಮೇನ್’ ಬರೆಯಿರಿ. ಉತ್ತರವೂ ಬೇರೆ ಬರಬಹುದು. ಟರ್ಬೊ ಸಿಯಲ್ಲಿ ಇಂಟ್‌ಗೆ (ಪೂರ್ಣಾಂಕಕ್ಕೆ) 2 ಬೈಟ್, ಗರಿಷ್ಠ 32767. ಅಲ್ಲಿ 200ನ್ನು 200ರಿಂದ ಗುಣಿಸಿ ಇಂಟ್‌ನಲ್ಲಿ ಇಟ್ಟರೆ -25536 ಬರುತ್ತದೆ, ಜಿಸಿಸಿಯಲ್ಲಿ ಇಂಟ್‌ಗೆ 4 ಬೈಟ್ ಇರುವುದರಿಂದ ಸರಿಯಾಗಿ 40000. ಕಲಿಯಲು ಜಿಸಿಸಿಯೇ ಮೇಲು. ಪ್ರಾಕ್ಟಿಕಲ್ ಪರೀಕ್ಷೆ ಟರ್ಬೊದಲ್ಲೇ ನಡೆಯುವುದಾದರೆ ಹಿಂದಿನ ವಾರ ಲ್ಯಾಬಿನಲ್ಲಿ ಕೂತು ಕೈ ಪಳಗಿಸಿಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ಕಂಪೈಲ್ ಮಾಡಿದ ಜಾವಾ ಪ್ರೋಗ್ರಾಂ ಲ್ಯಾಬಿನಲ್ಲಿ ಓಡುತ್ತಿಲ್ಲ. ದೋಷದಲ್ಲಿ 61.0, 52.0 ಎಂಬ ಅಂಕಿಗಳಿವೆ.
— ಕಡೂರು

ಉತ್ತರ: ಆ ಅಂಕಿಯಿಂದ 44 ಕಳೆಯಿರಿ, ಜಾವಾ ಆವೃತ್ತಿ ಸಿಗುತ್ತದೆ. ಮನೆಯದು ಜಾವಾ 17, ಲ್ಯಾಬಿನದು ಜಾವಾ 8. ಕಂಪೈಲ್ ಆದ ಕ್ಲಾಸ್ ಫೈಲ್ ಬದಲು ಮೂಲ ಜಾವಾ ಫೈಲನ್ನೇ ಒಯ್ದು ಅಲ್ಲಿ ಕಂಪೈಲ್ ಮಾಡಿ. ಇಲ್ಲವೇ ಮನೆಯಲ್ಲೇ ‘ಜಾವಾಸಿ --ರಿಲೀಸ್ 8’ ಎಂದು ಬರೆದು ಮುಂದೆ ಫೈಲ್ ಹೆಸರು ಕೊಡಿ.

ಪ್ರಶ್ನೆ: ನಾನು ಕಾಫಿ ತೋಟದಲ್ಲಿ ರೈಟರ್. ದಿನದ ಮಳೆ ಲೆಕ್ಕವನ್ನು ಪೈಥಾನ್‌ನಿಂದ ಸಿಎಸ್‌ವಿ ಫೈಲಿಗೆ ಬರೆಸುತ್ತೇನೆ. ತಿಂಗಳ ಹೆಸರು ಕನ್ನಡದಲ್ಲಿ ಕೊಟ್ಟರೆ ‘ಚಾರ್‌ಮ್ಯಾಪ್ ಕೋಡೆಕ್ ಕಾಂಟ್ ಎನ್‌ಕೋಡ್’ ಎನ್ನುತ್ತದೆ. ಹೇಗೋ ಬರೆಸಿದರೆ ಎಕ್ಸೆಲ್‌ನಲ್ಲಿ ಅರ್ಥವಾಗದ ಅಕ್ಷರ ಬರುತ್ತವೆ. ಸಾಲಿಗೊಂದು ಖಾಲಿ ಸಾಲು ಬೇರೆ.
— ಮೂಡಿಗೆರೆ

ಉತ್ತರ: ಮೂರು ತೊಂದರೆಗೂ ಫೈಲ್ ತೆರೆಯುವ ಒಂದೇ ಸಾಲಿನಲ್ಲಿ ಮದ್ದಿದೆ. ಎನ್‌ಕೋಡಿಂಗ್ (ಅಕ್ಷರಗಳ ಸಂಕೇತ ಪದ್ಧತಿ) ಹೇಳದೆ ‘ಓಪನ್’ ಮಾಡಿದರೆ, ಇಂಗ್ಲಿಷ್ ವಿಂಡೋಸ್‌ನಲ್ಲಿ ಪೈಥಾನ್ ಸಾಮಾನ್ಯವಾಗಿ ಸಿಪಿ1252 ಎಂಬ ಹಳೆಯ ಕೋಷ್ಟಕ ಹಿಡಿಯುತ್ತದೆ. ಅದರಲ್ಲಿರುವುದು 256 ಮನೆ, ಕನ್ನಡಕ್ಕೆ ಒಂದೂ ಇಲ್ಲ. ಹಾಗಾಗಿ ‘ಓಪನ್’ನ ಆವರಣದೊಳಗೆ ಎನ್‌ಕೋಡಿಂಗ್="ಯುಟಿಎಫ್-8-ಸಿಗ್" ಎಂದು ಕೊಡಿ. ಕೊನೆಯ ‘ಸಿಗ್’ ಫೈಲಿನ ತಲೆಗೆ ಒಂದು ಗುರುತು ಹಾಕುತ್ತದೆ, ಅದನ್ನು ನೋಡಿ ಎಕ್ಸೆಲ್ ಕನ್ನಡವನ್ನು ಸರಿಯಾಗಿ ಓದುತ್ತದೆ. ಜೊತೆಗೆ ನ್ಯೂಲೈನ್="" ಎಂದು ಖಾಲಿ ಉದ್ಧರಣ ಚಿಹ್ನೆ ಕೊಟ್ಟರೆ ನಡುವಿನ ಖಾಲಿ ಸಾಲು ಹೋಗುತ್ತವೆ. ಫೈಲನ್ನು ಮತ್ತೆ ಓದುವಾಗಲೂ ಇದೇ ಎನ್‌ಕೋಡಿಂಗ್ ಇರಲಿ.

‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಮಾತ್ರ ಇದರಿಂದ ಸರಿಹೋಗದು. ಅದು ಕನ್ನಡದಂತೆ ಕಾಣುವ ಇಂಗ್ಲಿಷ್ ಸಂಕೇತಗಳು. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ.

ಅಂಕಣ ನೇರವಾಗಿ ಕೂರಿಸಲು ಅಕ್ಷರ ಎಣಿಸುವ ‘ಲೆನ್’ ನಂಬಬೇಡಿ. ‘ಚಿಕ್ಕಮಗಳೂರು’ ನಮ್ಮ ಕಣ್ಣಿಗೆ ಆರು ಅಕ್ಷರ, ಪೈಥಾನ್‌ಗೆ 11: ಗುಣಿತದ ಚಿಹ್ನೆ, ಒತ್ತಿನ ವಿರಾಮ ಎಲ್ಲವನ್ನೂ ಅದು ಬೇರೆಬೇರೆ ಎಣಿಸುತ್ತದೆ.

ನೀವು ಕೇಳದ ಒಂದು ಮಾತು: ಮಳೆಯನ್ನು ಇಂಚು-ಸೆಂಟಿನಲ್ಲಿ (ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಪಾಲು) ಬರೆಯುತ್ತಿದ್ದರೆ 1 ಇಂಚು 5 ಸೆಂಟನ್ನು 1.05 ಎಂದು ಬರೆಯಿರಿ. 1.5 ಎಂದರೆ 26.67 ಮಿಲಿಮೀಟರ್ ಮಳೆ 38.1 ಆಗಿ ಕೂರುತ್ತದೆ. ಪ್ರೋಗ್ರಾಂ ಇದಕ್ಕೆ ಯಾವ ದೋಷವನ್ನೂ ತೋರಿಸುವುದಿಲ್ಲ.

ಪ್ರಶ್ನೆ: ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರ್. ಹೊಸ ಪೈಥಾನ್, ವಿಎಸ್ ಕೋಡ್ ಎರಡೂ ಹಿಡಿಯುತ್ತಿಲ್ಲ.
— ಚನ್ನರಾಯಪಟ್ಟಣ

ಉತ್ತರ: ಹಿಡಿಯುವುದೂ ಇಲ್ಲ. ವಿಂಡೋಸ್ 7ಕ್ಕೆ ಪೈಥಾನ್ 3.8 ಕೊನೆಯದು, ವಿಎಸ್ ಕೋಡ್ 1.70.3 ಕೊನೆಯದು. ಕಲಿಯಲು ಅವು ಸಾಕು. ಆದರೆ ಪೈಥಾನ್ 3.8ಕ್ಕೆ 2024ರಿಂದ ಭದ್ರತಾ ತಿದ್ದುಪಡಿ ನಿಂತಿದೆ. ಸಿಕ್ಕಸಿಕ್ಕಲ್ಲಿಂದ ಡಿಎಲ್‌ಎಲ್ ಫೈಲ್ ತಂದು ತುರುಕುವ ಕೆಲಸ ಮಾತ್ರ ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಪಿಪ್ ಅರ್ಧಕ್ಕೇ ನಿಲ್ಲುತ್ತದೆ. ಈಗ ‘ಸರ್ಟಿಫಿಕೇಟ್ ವೆರಿಫೈ ಫೇಲ್ಡ್’ ಎಂದೂ ಬರುತ್ತಿದೆ.
— ಸಕಲೇಶಪುರ

ಉತ್ತರ: ಮೊದಲು ಪರದೆಯ ಮೂಲೆಯಲ್ಲಿರುವ ತಾರೀಕು ನೋಡಿ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಮದರ್‌ಬೋರ್ಡಿನ ಸೆಲ್ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿರುತ್ತದೆ. ಆ ತಾರೀಕಿಗೆ ವೆಬ್‌ಸೈಟಿನ ಗುರುತು ಹೇಳುವ ಸರ್ಟಿಫಿಕೇಟಿನ ಅವಧಿಯೇ ಶುರುವಾಗಿರುವುದಿಲ್ಲ, ಅದಕ್ಕೇ ಪಿಪ್ ಒಪ್ಪುವುದಿಲ್ಲ. ಬಹುತೇಕ ಬೋರ್ಡುಗಳಲ್ಲಿರುವುದು ಸಿಆರ್2032, 3 ವೋಲ್ಟಿನ ನಾಣ್ಯದಂಥ ಸೆಲ್. ಪ್ಲಗ್ ಕಿತ್ತು ಬದಲಿಸಿ, ತಾರೀಕು ಸರಿಮಾಡಿ. ತಾರೀಕು ಸರಿಯಾಗಿಯೇ ಇದ್ದರೆ ಆ್ಯಂಟಿವೈರಸ್ ಅಥವಾ ಕಾಲೇಜಿನ ಪ್ರಾಕ್ಸಿ ನಡುವೆ ಕೂತಿದೆಯೇ ನೋಡಿ.

ನೆಟ್ ನಿಧಾನವಾದರೆ ಪಿಪ್ ಕಮಾಂಡಿಗೆ ‘--ಟೈಮೌಟ್ 100’ ಸೇರಿಸಿ. ಅದಕ್ಕೂ ಜಗ್ಗದಿದ್ದರೆ ನೆಟ್ ಚೆನ್ನಾಗಿರುವ ಊರಿನಲ್ಲಿ ‘ಪಿವೈ -ಎಂ ಪಿಪ್ ಡೌನ್‌ಲೋಡ್ ಪಾಂಡಾಸ್ -ಡಿ ಕಿಟ್’ ಎಂದು ಕೊಡಿ. ಪಾಂಡಾಸ್ ಮತ್ತು ಅದಕ್ಕೆ ಬೇಕಾದ ಎಲ್ಲ ಫೈಲುಗಳು ‘ಕಿಟ್’ ಫೋಲ್ಡರಿಗೆ ಇಳಿಯುತ್ತವೆ. ಪೆನ್‌ಡ್ರೈವ್‌ನಲ್ಲಿ ತಂದು, ಆ ಫೋಲ್ಡರ್ ಇರುವ ಜಾಗದಲ್ಲೇ ಟರ್ಮಿನಲ್ ತೆರೆದು ‘ಪಿವೈ -ಎಂ ಪಿಪ್ ಇನ್‌ಸ್ಟಾಲ್ --ನೊ-ಇಂಡೆಕ್ಸ್ --ಫೈಂಡ್-ಲಿಂಕ್ಸ್=ಕಿಟ್ ಪಾಂಡಾಸ್’ ಎಂದರೆ ನೆಟ್ ಇಲ್ಲದೆಯೇ ಇನ್‌ಸ್ಟಾಲ್ ಆಗುತ್ತದೆ. ಎರಡೂ ಕಂಪ್ಯೂಟರಿನಲ್ಲಿ ವಿಂಡೋಸೇ ಇರಬೇಕು, ಪೈಥಾನ್ ಆವೃತ್ತಿ ಒಂದೇ ಆಗಿರಬೇಕು. ಫೈಲಿನ ಹೆಸರಿನಲ್ಲಿ ‘ಸಿಪಿ312’ ಎಂದಿದ್ದರೆ ಅದು 3.12ಕ್ಕೆ ಮಾತ್ರ, 3.11ರಲ್ಲಿ ಕೂರುವುದಿಲ್ಲ.