ಡಿಸ್ಕವರ್ ಹೋಗುತ್ತದೆ, ಆಫರ್ ಎಲ್ಲಿ ಮಾಯ?

ಪ್ರಶ್ನೆ: ಲಿನಕ್ಸ್ ಸರ್ವರ್ ಒಂದರಲ್ಲಿ ಕೆಲವು ಕಂಟೇನರ್ (ಒಂದೇ ಮಶೀನಿನೊಳಗೆ ಬೇರೆ ಬೇರೆಯಾಗಿ ಓಡುವ ಪುಟ್ಟ ವ್ಯವಸ್ಥೆಗಳು) ಓಡಿಸುತ್ತೇನೆ. ಅವನ್ನು ನೆಟ್‌ವರ್ಕಿಗೆ ಸೇರಿಸಲು ಮ್ಯಾಕ್-ವಿಲ್ಯಾನ್ ಇದ್ದಾಗ ಎಲ್ಲದಕ್ಕೂ ಡಿಎಚ್‌ಸಿಪಿ (ತಾನಾಗಿಯೇ ಐಪಿ ಹಂಚುವ ವ್ಯವಸ್ಥೆ) ಮೂಲಕ ಐಪಿ ಬರುತ್ತಿತ್ತು. ಸ್ವಿಚ್ಚಿನ ಪೋರ್ಟಿಗೆ ಒಂದೇ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ಅಂತ ನಿಯಮ ಮಾಡಿದ್ದಕ್ಕೆ ಐಪಿ-ವಿಲ್ಯಾನ್‌ಗೆ ಬದಲಾಯಿಸಿದೆ. ಈಗ ಐಪಿ ಬರುವುದೇ ಇಲ್ಲ. ಕೈಯಾರೆ ಕೊಟ್ಟರೆ ಎಲ್ಲ ಸರಿ. ಏನು ಮಾಡಲಿ ಸರ್?

ಉತ್ತರ: ಕೇಬಲ್, ಸ್ವಿಚ್ ಎರಡೂ ಚೆನ್ನಾಗಿವೆ, ಸುಮ್ನೆ ಬದಲಾಯಿಸಬೇಡಿ. ಮೊದಲು ಟಿಸಿಪಿಡಂಪ್ (ಓಡಾಡುವ ಪ್ಯಾಕೆಟ್‌ಗಳನ್ನು ತೋರಿಸುವ ಕಮಾಂಡ್) ಅನ್ನು ಎರಡು ಕಡೆ ಓಡಿಸಿ, ಒಂದು ಹೋಸ್ಟಿನ, ಅಂದರೆ ಕಂಟೇನರ್‌ಗಳಿರುವ ಸರ್ವರಿನ, ಅಸಲಿ ಕಾರ್ಡಿನ ಮೇಲೆ, ಇನ್ನೊಂದು ಕಂಟೇನರ್ ಒಳಗೆ, ಡಿಎಚ್‌ಸಿಪಿ ಓಡಾಡುವ ಪೋರ್ಟ್ 67 ಮತ್ತು 68 ಮಾತ್ರ ನೋಡಿ. ಐಪಿ ಕೇಳುವ ಸಂದೇಶ ಡಿಸ್ಕವರ್, ಅದಕ್ಕೆ ಬರುವ ಉತ್ತರ ಆಫರ್. ಹೋಸ್ಟಿನಲ್ಲಿ ಆಫರ್ ಕಾಣಿಸಿ ಒಳಗೆ ಕಾಣದಿದ್ದರೆ ಕಾರಣ ಸಿಕ್ಕಿತು ಅಂತಲೇ ಅರ್ಥ.

ಡಿಸ್ಕವರ್ ಯಾವಾಗಲೂ 255.255.255.255ಕ್ಕೇ, ಅಂದರೆ ನೆಟ್‌ವರ್ಕಿನ ಎಲ್ಲರಿಗೂ ಹೋಗುತ್ತದೆ. ತಕರಾರು ಇರುವುದು ಉತ್ತರದಲ್ಲಿ. ಡಿಎಚ್‌ಸಿಪಿ ಪ್ಯಾಕೆಟ್ಟಿನ ಫ್ಲಾಗ್ಸ್ ಅನ್ನುವ 16 ಬಿಟ್‌ಗಳಲ್ಲಿ ಮೊದಲನೆಯದು ಬ್ರಾಡ್‌ಕಾಸ್ಟ್ ಬಿಟ್. ಅದು 0 ಇದ್ದರೆ ಡಿಎಚ್‌ಸಿಪಿ ಸರ್ವರ್ ಆಫರನ್ನು ಕ್ಲೈಂಟಿನ (ಐಪಿ ಕೇಳಿದವರ) ಮ್ಯಾಕ್‌ಗೆ ನೇರ ಕಳಿಸುತ್ತದೆ, 1 ಇದ್ದರೆ ಎಲ್ಲರಿಗೂ ಕೂಗಿ ಹೇಳುತ್ತದೆ. ಮ್ಯಾಕ್-ವಿಲ್ಯಾನ್‌ನಲ್ಲಿ ಪ್ರತಿ ಕಂಟೇನರಿಗೂ ಬೇರೆ ಮ್ಯಾಕ್, ನೇರ ಉತ್ತರ ಸಲೀಸಾಗಿ ತಲುಪುತ್ತದೆ. ಐಪಿ-ವಿಲ್ಯಾನ್ ಒಂದೇ ಬಾಗಿಲು ನಂಬರಿನ ವಠಾರ ಇದ್ದಂತೆ: ಮ್ಯಾಕ್ ಎಲ್ಲರಿಗೂ ಒಂದೇ, ಯಾರಿಗೆ ಕೊಡಬೇಕು ಅನ್ನುವುದನ್ನು ಡ್ರೈವರ್ ಐಪಿ ನೋಡಿ ತೀರ್ಮಾನಿಸುತ್ತದೆ. ಆದರೆ ಆ ಐಪಿ ಇನ್ನೂ ಯಾರಿಗೂ ಸಿಕ್ಕಿಲ್ಲ, ಅಲ್ವಾ? ಹಾಗಾಗಿ ಆಫರ್ ಹೋಸ್ಟಿಗೆ ಹೋಗಿ ಅಲ್ಲೇ ಬಿದ್ದುಹೋಗುತ್ತದೆ.

ಕಂಟೇನರಿನ ಡಿಸ್ಕವರ್‌ನಲ್ಲಿ 'ಫ್ಲಾಗ್ಸ್ ನನ್' (ಯಾವ ಬಿಟ್ಟೂ ಹಾಕಿಲ್ಲ) ಅಂತ ಕಂಡರೆ ಬ್ರಾಡ್‌ಕಾಸ್ಟ್ ಬಿಟ್ ಹಾಕಿಸಿ. ಐಪಿ ಕೇಳುವ ಪ್ರೋಗ್ರಾಮ್ ಆಗಿ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಬಳಸುತ್ತಿದ್ದರೆ ಡಿಎಚ್‌ಸಿಪಿವಿ4 ವಿಭಾಗದಲ್ಲಿ 'ರಿಕ್ವೆಸ್ಟ್‌ಬ್ರಾಡ್‌ಕಾಸ್ಟ್' ಯೆಸ್ ಮಾಡಿ. ಡಿಎಚ್‌ಸಿಪಿಸಿಡಿ ಆದರೆ ಅದರ ಕಾನ್ಫಿಗ್ ಫೈಲಿನಲ್ಲಿ 'ಬ್ರಾಡ್‌ಕಾಸ್ಟ್' ಅನ್ನುವ ಒಂದು ಸಾಲು ಸಾಕು. 

ಇಷ್ಟಕ್ಕೇ ನಿಲ್ಲಿಸಬೇಡಿ. ಮ್ಯಾಕ್ ಒಂದೇ ಆದ್ದರಿಂದ ಸರ್ವರ್ ನಿಮ್ಮ ಕಂಟೇನರ್‌ಗಳನ್ನೆಲ್ಲ ಒಬ್ಬರೇ ಅಂದುಕೊಂಡು ಒಂದೇ ಐಪಿ ಕೊಟ್ಟುಬಿಡಬಹುದು. ಪ್ರತಿಯೊಂದಕ್ಕೂ ಬೇರೆ ಕ್ಲೈಂಟ್ ಐಡಿ (ಸರ್ವರಿಗೆ ಹೇಳುವ ಗುರುತು) ಇರಲಿ. ಒಂದೇ ಇಮೇಜಿನಿಂದ ಮಾಡಿದ್ದರೆ ಆ ಗುರುತು ಹುಟ್ಟಿಸಲು ಬಳಕೆಯಾಗುವ ಮಶೀನ್-ಐಡಿ ಫೈಲ್ ಕೂಡ ಒಂದೇ ಇರುವ ಸಾಧ್ಯತೆ ಜಾಸ್ತಿ, ಅದನ್ನೂ ನೋಡಿ.

ಎಲ್ಲ ಮಶೀನಿಗೂ ಈ ಬಿಟ್ ಹಾಕುವುದು ನನಗೆ ಸರಿ ಕಾಣುವುದಿಲ್ಲ. ವಿಂಡೋಸ್ ವಿಸ್ಟಾ ತಾನಾಗಿಯೇ ಇದನ್ನು ಹಾಕಿ ಕೇಳುತ್ತಿತ್ತು, ಕೆಲವು ರೂಟರ್‌ಗಳು ಹಾಗೆ ಉತ್ತರಿಸಲಾರದೆ ಎಷ್ಟೋ ಜನಕ್ಕೆ ಐಪಿಯೇ ಸಿಗಲಿಲ್ಲ. ಬ್ರಾಡ್‌ಕಾಸ್ಟ್ ತಡೆಯುವ ವೈಫೈಗಳೂ ಇವೆ. ಐಪಿ-ವಿಲ್ಯಾನ್ ಇಂಟರ್‌ಫೇಸಿಗೆ ಮಾತ್ರ ಹಾಕಿ, ಆಮೇಲೆ ಮತ್ತೊಮ್ಮೆ ಟಿಸಿಪಿಡಂಪ್ ಓಡಿಸಿ ಆಫರ್ ಒಳಗೆ ಬಂತಾ ನೋಡಿ.