ಕ್ಯಾಮೆರಾ ಆರಿಸುವ ಮೊದಲು ಅಳತೆ ಟೇಪು ಹಿಡಿಯಿರಿ

ಮನೆಗೆ ನಾಲ್ಕು ಕ್ಯಾಮೆರಾ ಹಾಕಿಸಬೇಕು, ಒಬ್ಬರು 2 ಮೆಗಾಪಿಕ್ಸೆಲ್ ಸಾಕು ಅನ್ನುತ್ತಾರೆ, ಇನ್ನೊಬ್ಬರು 8 ಇಲ್ಲದಿದ್ದರೆ ದಂಡ ಅನ್ನುತ್ತಾರೆ, ರೆಕಾರ್ಡ್ ಮಾಡಿಡುವ ಪೆಟ್ಟಿಗೆ ಡಿವಿಆರ್ ಒಳ್ಳೆಯದಾ ಎನ್‌ವಿಆರ್ ಒಳ್ಳೆಯದಾ, ವೈಫೈ ಕ್ಯಾಮೆರಾ ನಡೆಯುತ್ತಾ ಅಂತ ಕೇಳಿದ್ದೀರಿ. ಎಲ್ಲದಕ್ಕೂ ಉತ್ತರ ಹೇಳುತ್ತೇನೆ. ಅದಕ್ಕೂ ಮೊದಲು ನಮ್ಮ ಮನೆಯಲ್ಲಿ ಆದದ್ದು ಕೇಳಿ.

ಅಂಗಳದಲ್ಲಿ ನಿಲ್ಲಿಸಿದ್ದ ಮಗಳ ಸೈಕಲ್ ಕಳುವಾಯಿತು. ಕ್ಯಾಮೆರಾ ಇತ್ತು, ಚೆನ್ನಾಗಿ ಕೆಲಸವನ್ನೂ ಮಾಡುತ್ತಿತ್ತು. ರೆಕಾರ್ಡಿಂಗ್ ತೆಗೆದು ನೋಡಿದರೆ ಎಲ್ಲ ಇದೆ. ಟೋಪಿ ಹಾಕಿಕೊಂಡ ಒಬ್ಬ ಬಂದ, ಗೇಟಿನ ಚಿಲಕ ತೆಗೆದ, ಸೈಕಲ್ ತಳ್ಳಿಕೊಂಡು ಹೋದ. ಟೋಪಿಯ ಅಂಚು ಕಾಣುತ್ತದೆ, ಹೆಗಲು ಕಾಣುತ್ತದೆ, ಮುಖ ಮಾತ್ರ ಒಂದು ಫ್ರೇಮಿನಲ್ಲೂ ಇಲ್ಲ. ಕ್ಯಾಮೆರಾವನ್ನು ಮಹಡಿಯ ಸಜ್ಜಾದ ಕೆಳಗೆ, ಹದಿನಾಲ್ಕು ಅಡಿ ಎತ್ತರದಲ್ಲಿ ಹಾಕಿಸಿದ್ದೆವು. ಮೇಲೆ ಹಾಕಿದರೆ ಜಾಸ್ತಿ ಕಾಣುತ್ತದೆ ಅನ್ನೋ ಲೆಕ್ಕ. ಜಾಸ್ತಿ ಕಂಡಿದ್ದು ನೆಲ ಮತ್ತು ನೆತ್ತಿ. ಸಾಲದ್ದಕ್ಕೆ ರೆಕಾರ್ಡರಿನ ಗಡಿಯಾರ ನಲವತ್ತು ನಿಮಿಷ ಹಿಂದಿತ್ತು. ಪೊಲೀಸರಿಗೆ ಕ್ಲಿಪ್ ಕೊಟ್ಟಾಗ ಅವರು ಕೇಳಿದ ಮೊದಲ ಪ್ರಶ್ನೆಯೇ ಸಮಯದ್ದು.

ಅದಕ್ಕೇ ಹೇಳುವುದು, ಮೆಗಾಪಿಕ್ಸೆಲ್ ಆಮೇಲೆ ನೋಡೋಣ. ಯಾರ ಮುಖ, ಯಾವ ಜಾಗದಲ್ಲಿ, ಎಷ್ಟು ದೂರದಿಂದ ಕಾಣಬೇಕು ಅನ್ನುವುದನ್ನು ಮೊದಲು ತೀರ್ಮಾನ ಮಾಡಿ.

ಇದಕ್ಕೊಂದು ಸುಲಭದ ಲೆಕ್ಕವಿದೆ. ಅಪರಿಚಿತನ ಮುಖ ಗುರುತು ಸಿಗಬೇಕಾದರೆ ಅವನು ನಿಂತ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ ಸುಮಾರು 250 ಪಿಕ್ಸೆಲ್ ಬೇಕು. ಗೊತ್ತಿರುವ ಮನುಷ್ಯ ಹೌದೋ ಅಲ್ಲವೋ ಅಂತ ಹೇಳಲು 125 ಸಾಕು. ಯಾರೋ ಓಡಾಡಿದರು ಅಂತ ತಿಳಿಯಲು 25 ಇದ್ದರೂ ಆಯಿತು. 2 ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್, 8 ಮೆಗಾಪಿಕ್ಸೆಲಿನದು 3840. ಮನೆಗೆ ಹಾಕುವ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ 2.8 ಎಂಎಂ ಲೆನ್ಸ್ ಇರುತ್ತದೆ, ಅದು ಸುಮಾರು 100 ಡಿಗ್ರಿ ಅಗಲ ನೋಡುತ್ತದೆ. ಐದು ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ಆ ಅಗಲ ಹನ್ನೆರಡು ಮೀಟರ್ ಆಗಿರುತ್ತದೆ. 1920 ಪಿಕ್ಸೆಲನ್ನು ಅಷ್ಟಕ್ಕೆ ಹಂಚಿದರೆ ಮೀಟರಿಗೆ 160 ಬರುತ್ತದೆ. ಅಪರಿಚಿತನ ಮುಖಕ್ಕೆ ಸಾಲದು. ಅದೇ ಜಾಗದಲ್ಲಿ 8 ಮೆಗಾಪಿಕ್ಸೆಲ್ ಇಟ್ಟರೆ 320 ಸಿಗುತ್ತದೆ. ಆದರೆ 2 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೇ 6 ಎಂಎಂ ಲೆನ್ಸ್ ಇರುವುದನ್ನು ತಗೊಂಡರೆ, ಅದು ನೋಡುವುದು ಸುಮಾರು 50 ಡಿಗ್ರಿ ಅಷ್ಟೇ ಆದ್ದರಿಂದ, ಅದೇ ಐದು ಮೀಟರ್ ದೂರದ ಗೇಟಿನ ಮೇಲೆ ಮೀಟರಿಗೆ 400 ಬೀಳುತ್ತದೆ! ನಿಮ್ಮ ಇಬ್ಬರು ಸಲಹೆಗಾರರೂ ಲೆನ್ಸ್ ಬಗ್ಗೆ ಏನೂ ಹೇಳಲಿಲ್ಲ, ಅಲ್ವಾ? ಅದನ್ನೇ ಮೊದಲು ಕೇಳಬೇಕಿತ್ತು.

ಹಾಗಾಗಿ ಗೇಟಿಗೆ ಅಥವಾ ಮುಂಬಾಗಿಲಿಗೆ ಕಿರಿದಾಗಿ ನೋಡುವ ಒಂದು ಕ್ಯಾಮೆರಾ, ಎಂಟು ಒಂಬತ್ತು ಅಡಿ ಎತ್ತರದಲ್ಲಿ, ಬರುವವರ ಮುಖಕ್ಕೆ ಎದುರಾಗಿ. ಉಳಿದ ಮೂರು ಅಗಲವಾಗಿ ನೋಡಲಿ, ಅಂಗಳ, ಹಿತ್ತಲು, ಪಕ್ಕದ ಓಣಿ. ಅವಕ್ಕೆ 4 ಮೆಗಾಪಿಕ್ಸೆಲ್ ಧಾರಾಳ. ಒಂದೇ ಕ್ಯಾಮೆರಾದಲ್ಲಿ ಇಡೀ ಅಂಗಳವೂ ಮುಖವೂ ಎರಡೂ ಸಿಗಲಿ ಅಂತ ಆಸೆ ಪಟ್ಟರೆ ಎರಡೂ ಅರ್ಧಂಬರ್ಧ.

ರಾತ್ರಿಯದು ಬೇರೆಯೇ ಕಥೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಅಷ್ಟೇ ದೊಡ್ಡದಿದ್ದು ಅದರಲ್ಲಿ ಜಾಸ್ತಿ ಪಿಕ್ಸೆಲ್ ತುಂಬಿದರೆ ಒಂದೊಂದು ಪಿಕ್ಸೆಲಿಗೂ ಬೀಳುವ ಬೆಳಕು ಕಡಿಮೆ. ಹಗಲು ಕಣ್ಣಿಗೆ ಹಬ್ಬದಂತಿದ್ದ ಅಗ್ಗದ 8 ಮೆಗಾಪಿಕ್ಸೆಲ್ ಕ್ಯಾಮೆರಾ ರಾತ್ರಿ ನಡೆಯುವ ಮನುಷ್ಯನನ್ನು ಹೊಗೆಯ ಹಾಗೆ ತೋರಿಸಬಹುದು. ಕತ್ತಲಲ್ಲಿ ನೋಡಲು ಕ್ಯಾಮೆರಾ ತಾನೇ ಬೀರುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನದೂ ಒಂದು ತೊಂದರೆ. ಪಕ್ಕದಲ್ಲೇ ಗೋಡೆ ಅಥವಾ ಪೈಪು ಇದ್ದರೆ ಬೆಳಕೆಲ್ಲ ಅದರ ಮೇಲೆ ಬಿದ್ದು ಹಿಂದಕ್ಕೆ ಹೊಡೆಯುತ್ತದೆ, ದೂರದ್ದು ಕಪ್ಪಾಗುತ್ತದೆ. ಲೆನ್ಸಿನ ಮುಂದೆ ಜೇಡ ಒಂದು ಎಳೆ ಕಟ್ಟಿದರೂ ಪರದೆ ಮೇಲೆ ಬಿಳಿ ಹಗ್ಗ ತೂಗಿದ ಹಾಗೆ ಕಾಣುತ್ತದೆ. ನಾನು ತಿಂಗಳಿಗೊಮ್ಮೆ ಉದ್ದ ಕೋಲಿಗೆ ಮೆತ್ತನೆ ಬಟ್ಟೆ ಸುತ್ತಿ ಒರೆಸುತ್ತೇನೆ. ಕ್ಯಾಮೆರಾ ಹಾಕಿದ ದಿನವೇ, ಕತ್ತಲಾದ ಮೇಲೆ, ಮನೆಯವರೊಬ್ಬರನ್ನು ಗೇಟಿನಿಂದ ನಡೆದು ಬರಲು ಹೇಳಿ. ಲೈವ್ ನೋಡಬೇಡಿ, ರೆಕಾರ್ಡ್ ಆದದ್ದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಮುಖ ಸಿಕ್ಕಿತೇ? ಸಿಗದಿದ್ದರೆ ಕೆಲಸದವರು ಇರುವಾಗಲೇ ಸರಿಮಾಡಿಸಿ.

ಡಿವಿಆರ್ ಎನ್‌ವಿಆರ್ ವಿಚಾರದಲ್ಲಿ ತಲೆ ಕೆಡಿಸಿಕೊಳ್ಳುವಷ್ಟಿಲ್ಲ. ಗೋಡೆಯೊಳಗೆ ಹಳೆ ಕೋಆಕ್ಸಿಯಲ್ ಕೇಬಲ್ (ಟಿವಿ ಕೇಬಲಿನಂಥದ್ದು) ಚೆನ್ನಾಗಿದ್ದರೆ ಡಿವಿಆರ್ ತಗೊಳ್ಳಿ, ಗೋಡೆ ಒಡೆಯುವುದು ತಪ್ಪುತ್ತದೆ. ಹೊಸದಾಗಿ ವೈರ್ ಎಳೆಯುವುದಾದರೆ ಎನ್‌ವಿಆರ್, ಅದೂ ಪಿಒಇ ಇರುವುದು. ಪಿಒಇ ಅಂದರೆ ಒಂದೇ ನೆಟ್‌ವರ್ಕ್ ಕೇಬಲಿನಲ್ಲಿ ಕರೆಂಟೂ ಚಿತ್ರವೂ ಹೋಗುತ್ತವೆ, 100 ಮೀಟರ್‌ವರೆಗೆ. ಕೇಬಲ್ ಪೂರ್ತಿ ತಾಮ್ರದ್ದೇ ಆಗಿರಲಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಉದ್ದ ಎಳೆದರೆ ವೋಲ್ಟೇಜ್ ದಾರಿಯಲ್ಲೇ ಇಳಿಯುತ್ತದೆ. ಹಗಲೆಲ್ಲ ಸರಿ ಇದ್ದ ಕ್ಯಾಮೆರಾ, ಕತ್ತಲಾಗಿ ಇನ್‌ಫ್ರಾರೆಡ್ ಹೊತ್ತಿಕೊಂಡ ಕೂಡಲೇ ಆಫ್ ಆಗಿ ಆನ್ ಆಗಿ ಒದ್ದಾಡುತ್ತದೆ. ಆನ್‌ವಿಫ್ (ಬೇರೆ ಬೇರೆ ಕಂಪನಿಯ ಸಾಧನಗಳು ಹೊಂದಿಕೊಳ್ಳಲು ಇರುವ ಸಾಮಾನ್ಯ ಮಾನದಂಡ) ಬೆಂಬಲ ಇದೆಯೇ ಅಂತಲೂ ಕೇಳಿ, ಮುಂದೆ ಬೇರೆ ಕಂಪನಿಯ ಕ್ಯಾಮೆರಾ ಸೇರಿಸಲು ಬೇಕಾಗುತ್ತದೆ. ನಾಲ್ಕು ಕ್ಯಾಮೆರಾಕ್ಕೆ 8 ಚಾನೆಲಿನ, ಅಂದರೆ ಎಂಟು ಕ್ಯಾಮೆರಾ ಸೇರಿಸಬಹುದಾದ, ರೆಕಾರ್ಡರ್ ತಗೊಳ್ಳಿ. ಐದನೆಯದು ಬೇಕು ಅನ್ನಿಸಿಯೇ ಅನ್ನಿಸುತ್ತದೆ.

ಹಾರ್ಡ್ ಡಿಸ್ಕಿನ ಲೆಕ್ಕ: ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಬರೆದರೆ ದಿನಕ್ಕೆ 43 ಜಿಬಿ. ನಾಲ್ಕಕ್ಕೆ 170 ಜಿಬಿ ದಾಟುತ್ತದೆ. 2 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ ಹಳೆಯದರ ಮೇಲೆ ಬರೆಯಲು ಶುರುಮಾಡುತ್ತದೆ. ಎರಡು ವಾರ ಊರಿಗೆ ಹೋಗಿ ಬರುವವರಿಗೆ ಇದು ಸಾಲದು. ವಿಡಿಯೊವನ್ನು ಹೆಚ್ಚು ಚಿಕ್ಕದಾಗಿಸಿ ಉಳಿಸುವ ಎಚ್.265 ವಿಧಾನ ಇರುವ ಕ್ಯಾಮೆರಾ, ರೆಕಾರ್ಡರ್ ಎರಡನ್ನೂ ತಗೊಂಡರೆ ಹೆಚ್ಚುಕಡಿಮೆ ಅರ್ಧ ಜಾಗ ಉಳಿಯುತ್ತದೆ. ಡಿಸ್ಕ್ ಮಾತ್ರ ಸಿಸಿಟಿವಿಗೆಂದೇ ಮಾಡಿದ್ದಿರಲಿ. ಕಂಪ್ಯೂಟರಿನ ಮಾಮೂಲಿ ಡಿಸ್ಕ್ ಹಗಲೂರಾತ್ರಿ ಬರೆಯುತ್ತಾ ಕೂರಲು ಮಾಡಿದ್ದಲ್ಲ.

ವೈಫೈ ಕ್ಯಾಮೆರಾ ಬಾಡಿಗೆ ಮನೆಗೆ ಸರಿ, ಒಂದೆರಡು ಸಾಕು ಅನ್ನುವವರಿಗೂ ಸರಿ. ಬ್ಯಾಟರಿಯದಲ್ಲದಿದ್ದರೆ ಅದಕ್ಕೂ ಕರೆಂಟಿನ ವೈರ್ ಬೇಕೇ ಬೇಕು. ಮೆಮೊರಿ ಕಾರ್ಡಿನಲ್ಲಷ್ಟೇ ರೆಕಾರ್ಡ್ ಆಗುವುದಾದರೆ ಕಳ್ಳ ಕ್ಯಾಮೆರಾ ಕಿತ್ತುಕೊಂಡು ಹೋದಾಗ ಸಾಕ್ಷಿಯೂ ಅವನ ಜೊತೆಗೇ ಹೋಗುತ್ತದೆ. ಇದೇ ಕಾರಣಕ್ಕೆ ರೆಕಾರ್ಡರನ್ನು ಟಿವಿ ಕೆಳಗೆ ಇಡಬೇಡಿ. ಗಾಳಿಯಾಡುವ, ಬೀಗ ಹಾಕುವ ಕಪಾಟು ನೋಡಿ. ರೆಕಾರ್ಡರಿಗೂ ರೌಟರಿಗೂ ಸೇರಿ ಸಣ್ಣ ಯುಪಿಎಸ್ ಇರಲಿ.

ಪಾಸ್‌ವರ್ಡ್ ವಿಷಯ ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ (ಕೇಡು ಮಾಡುವ ಸಾಫ್ಟ್‌ವೇರ್) ಲಕ್ಷಾಂತರ ಸಾಧನಗಳಿಗೆ ಹೊಕ್ಕಿತು, ಅವುಗಳಲ್ಲಿ ಕ್ಯಾಮೆರಾ, ಡಿವಿಆರ್‌ಗಳು ಬಹಳ ಇದ್ದವು. ಬೀಗ ಮುರಿಯಲಿಲ್ಲ. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಅಷ್ಟೇ. ಹಾಕಲು ಬಂದವರು "ನಾವೇ ಇಟ್ಟಿದ್ದೇವೆ ಸಾರ್" ಅಂದರೂ ಅವರು ಹೋದ ಮೇಲೆ ನೀವು ಬದಲಿಸಿ. ಹಾಗೇ ಗಡಿಯಾರ ಇಂಟರ್ನೆಟ್ ಸಮಯಕ್ಕೆ ಹೊಂದಿಕೊಳ್ಳುವ ಹಾಗೆ ಸೆಟ್ ಮಾಡಿ. ಪಕ್ಕದ ಮನೆಯ ಕಿಟಕಿ ಚೌಕಟ್ಟಿನೊಳಗೆ ಬಂದರೆ ಆ ಭಾಗವನ್ನು ಮೆನುವಿನಲ್ಲೇ ಮರೆಮಾಡಬಹುದು, ಮಾಡಿ.

ಗೇಟಿನಿಂದ ಕ್ಯಾಮೆರಾ ಹಾಕುವ ಗೋಡೆಗೆ ಎಷ್ಟು ಮೀಟರ್, ಗೇಟಿನ ಅಗಲ ಎಷ್ಟು ಅಂತ ಟೇಪು ಹಿಡಿದು ಅಳೆದು ಕೆಳಗೆ ಬರೆಯಿರಿ. ಯಾವ ಲೆನ್ಸ್ ಹೊಂದುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.