ನಾಲ್ಕರಲ್ಲಿ ಕೆಟ್ಟಿರುವುದು ಒಂದೇ ಸೆಲ್ ಇರಬಹುದು

ಪ್ರಶ್ನೆ: ಆಟಿಕೆ ಕಾರಿಗೆ ನಾಲ್ಕು ರೀಚಾರ್ಜೆಬಲ್ ಎಎ ಸೆಲ್ ಹಾಕುತ್ತೇವೆ. ಮೇಲೆ 2700 ಎಂಎಎಚ್ (ಸೆಲ್ ಹಿಡಿದಿಡುವ ಚಾರ್ಜ್‌ನ ಅಳತೆ) ಎಂದಿದೆ. ಎರಡೇ ವರ್ಷವಾಗಿದೆ, ಈಗ ಹತ್ತು ನಿಮಿಷಕ್ಕೆ ಕಾರು ನಿಲ್ಲುತ್ತದೆ. ಚಾರ್ಜರ್‌ನಲ್ಲಿ ಅರ್ಧ ಗಂಟೆಗೇ ಹಸಿರು ದೀಪ ಬರುತ್ತದೆ. ನಾಲ್ಕೂ ಹೋದವೇ?

ಉತ್ತರ: ನಾಲ್ಕೂ ಒಟ್ಟಿಗೆ ಹೋಗುವುದು ಅಪರೂಪ. ಚಾರ್ಜ್ ಮಾಡಿದ ಸೆಲ್‌ಗಳನ್ನು ಕಾರಿಗೆ ಹಾಕಿ, ಚಕ್ರ ತಿರುಗುತ್ತಿರುವಾಗಲೇ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್‌ನ ಕಡ್ಡಿಗಳನ್ನು ಒಂದೊಂದು ಸೆಲ್‌ನ ಎರಡು ತುದಿಗೆ ಮುಟ್ಟಿಸಿ. ಹೊರಗೆ ತೆಗೆದು ಅಳೆದರೆ ಮೋಸಹೋಗುತ್ತೀರಿ. ಭಾರ ಇಳಿದ ಕೂಡಲೇ ಕೆಟ್ಟ ಸೆಲ್ ಕೂಡ ಚೇತರಿಸಿಕೊಂಡು 1.2 ವೋಲ್ಟ್ ತೋರಿಸಬಹುದು. ಓಡುವಾಗ ಮೂರು 1.2ರ ಆಸುಪಾಸಿನಲ್ಲಿದ್ದು ಒಂದು ಮಾತ್ರ 0.9ಕ್ಕಿಂತ ಕೆಳಗಿಳಿದರೆ ಅದೇ ಕಳ್ಳ. ಅಂಕಿಯ ಮುಂದೆ ಮೈನಸ್ ಬಂದರೆ ಇನ್ನೂ ಕೆಟ್ಟದ್ದು: ಉಳಿದ ಮೂರು ಸೇರಿ ಖಾಲಿಯಾದ ಅದನ್ನು ಉಲ್ಟಾ ಚಾರ್ಜ್ ಮಾಡುತ್ತಿವೆ ಎಂದರ್ಥ. ಅಂಥದ್ದನ್ನು ಬಳಸಬೇಡಿ.

ಬೇಗ ಹಸಿರು ದೀಪ ಬರುವುದಕ್ಕೆ ಕಾರಣ ಹಳೆಯ ಸೆಲ್‌ನ ಒಳ ರೋಧ, ಅಂದರೆ ಕರೆಂಟಿಗೆ ಸೆಲ್ಲೇ ಒಡ್ಡುವ ತಡೆ. ಅದು ಹೆಚ್ಚಿದಾಗ ಸೆಲ್ ಬಿಸಿಯಾಗುತ್ತದೆ, ವೋಲ್ಟೇಜ್ ಸರ್ರನೆ ಏರುತ್ತದೆ, ಚಾರ್ಜರ್ ಅದನ್ನು ‘ತುಂಬಿತು’ ಎಂದುಕೊಳ್ಳುತ್ತದೆ. ಕರೆಂಟ್ ಆಯ್ಕೆ ಇರುವ ಚಾರ್ಜರ್ ಇದ್ದರೆ ಒಂದು ಪ್ರಯತ್ನ ಮಾಡಿ: ಪ್ರತಿ ಸೆಲ್ಲನ್ನೂ 1 ವೋಲ್ಟ್‌ವರೆಗೆ ಖಾಲಿ ಮಾಡಿ, ಸಾಮರ್ಥ್ಯದ ಹತ್ತನೇ ಒಂದು ಭಾಗದ ಕರೆಂಟಿನಲ್ಲಿ, ನಿಮ್ಮದಕ್ಕೆ 270 ಮಿಲಿಆಂಪ್, 16 ಗಂಟೆ ತುಂಬಿಸಿ. ಬಹಳ ದಿನ ಸುಮ್ಮನೆ ಬಿದ್ದಿದ್ದ ಸೆಲ್ ಹೀಗೆ ಎದ್ದು ಕೂರುವುದುಂಟು, ಸವೆದದ್ದು ಏಳುವುದಿಲ್ಲ.

ಎರಡೆರಡನ್ನು ಜೋಡಿಯಾಗಿಯೇ ಚಾರ್ಜ್ ಮಾಡುವ ಅಗ್ಗದ ಚಾರ್ಜರ್ ನಿಮ್ಮದಾದರೆ ಮೊದಲು ಅದನ್ನು ಬದಲಿಸಿ. ಜೋಡಿಯಲ್ಲಿ ಒಂದು ಹೆಚ್ಚು ತುಂಬಿ ಬಿಸಿಯಾಗುತ್ತದೆ, ಇನ್ನೊಂದು ಅರ್ಧಕ್ಕೇ ಉಳಿಯುತ್ತದೆ. ಪ್ರತಿ ಸೆಲ್ಲನ್ನೂ ಬೇರೆಯಾಗಿ ಗಮನಿಸುವಂಥದ್ದು ಬೇಕು. ನಾಲ್ಕರ ಮೇಲೂ ಒಂದೇ ಗುರುತು ಹಾಕಿ, ಒಂದು ಬಳಗವಾಗಿಯೇ ಬಳಸಿ.

ಪ್ರಶ್ನೆ: ಹೊಸದು ಕೊಳ್ಳುವುದಾದರೆ 2000 ಒಳ್ಳೆಯದೋ 2700 ಒಳ್ಳೆಯದೋ?

ಉತ್ತರ: ಮನೆಗೆ 2000. ಅಂಕಿ ದೊಡ್ಡದಾಗಿಸಲು ಒಳಗಿನ ಪದರಗಳನ್ನು ತೆಳುವಾಗಿಸಿ ಒತ್ತಿ ತುಂಬಿರುತ್ತಾರೆ. ಅಂಥ ಸೆಲ್‌ಗಳು ಸಾಮಾನ್ಯವಾಗಿ ಬೇಗ ಸವೆಯುತ್ತವೆ, ಸುಮ್ಮನಿದ್ದರೂ ಬೇಗ ಖಾಲಿಯಾಗುತ್ತವೆ. 2005ರಲ್ಲಿ ಸಾನ್ಯೊ ‘ಎನೆಲೂಪ್’ ತಂದ ಮೇಲೆ ಚಾರ್ಜ್ ನಿಧಾನವಾಗಿ ಸೋರುವ ಬಗೆ ಹರಡಿತು. ಪೊಟ್ಟಣದ ಮೇಲೆ ‘ಚಾರ್ಜ್ ಮಾಡಿಯೇ ಬಂದಿದೆ’ ಎಂಬ ಅರ್ಥದ ಬರಹವಿದ್ದರೆ ಬಹುಮಟ್ಟಿಗೆ ಆ ಬಗೆಯೇ.

ಪ್ರಶ್ನೆ: ಗೋಡೆ ಗಡಿಯಾರಕ್ಕೆ?

ಉತ್ತರ: ಬೇಡ. ಅದು ಕುಡಿಯುವ ಕರೆಂಟ್ ಅತ್ಯಲ್ಪ, ಸಾಮಾನ್ಯ ಸೆಲ್ಲೇ ವರ್ಷಗಟ್ಟಲೆ ಬರುತ್ತದೆ.

ಪ್ರಶ್ನೆ: 1.5 ವೋಲ್ಟ್‌ನ ಲಿಥಿಯಂ ರೀಚಾರ್ಜೆಬಲ್ ಹೇಗೆ?

ಉತ್ತರ: ಒಳಗಿರುವುದು ಸುಮಾರು 3.7 ವೋಲ್ಟ್‌ನ ಸೆಲ್. ಪುಟ್ಟ ಸರ್ಕ್ಯೂಟ್ ಅದನ್ನು 1.5ಕ್ಕೆ ಇಳಿಸುತ್ತದೆ. 1.2 ವೋಲ್ಟ್‌ಗೆ ತಕರಾರು ಮಾಡುವ ಉಪಕರಣಕ್ಕೆ ಸರಿ. ಆದರೆ ಕೊನೆಯವರೆಗೂ ತುಂಬಿದಂತೆಯೇ ತೋರಿಸಿ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ರೇಡಿಯೊಗೆ ಹಾಕಿದರೆ ಸರ್ಕ್ಯೂಟಿನ ಗೊರಗೊರ ಕೇಳಬಹುದು. ಮೇಲೆ ಹೇಳಿದ 1.2 ವೋಲ್ಟ್‌ನ ನಿಕಲ್ ಸೆಲ್‌ನ ಚಾರ್ಜರ್‌ಗೆ ಇದನ್ನು ಎಂದೂ ಹಾಕಬೇಡಿ. ಜೊತೆಗೆ ಬಂದ ಚಾರ್ಜರ್ ಅಥವಾ ಕೇಬಲ್ಲನ್ನೇ ಬಳಸಿ.